ಕೋವಿ ಮುಚ್ಚಿರಲಿ, ಕಾಗದ ತೆರೆದಿರಲಿ

ಉಮರ್ಗಾ, ನಿಲಂಗಾ, ಉದಗೀರದ ಗಡಿಯಲ್ಲಿ ಆಯುಧ ಕಾಯಿದೆ

1956ನೇ ಇಸವಿ ನವಂಬರ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಶಾಸನದ ಬಲದಿಂದ, ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯೂ ಹೋಳಾಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದುವು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ಉಸ್ಮಾನಾಬಾದ ಜಿಲ್ಲೆಯಲ್ಲಿದ್ದ ಉಮರ್ಗಾವೂ ಅತ್ತ ಕಡೆಗೇ ಸಂದಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು. ಈಗ ನಿಲಂಗಾ ಮತ್ತು ಉದಗೀರಗಳು ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾವು ಧಾರಾಶಿವ ಎಂದು ಹೊಸ ಹೆಸರು ಪಡೆದ ಹಳೆಯ ಉಸ್ಮಾನಾಬಾದ ಜಿಲ್ಲೆಯಲ್ಲಿದೆ.

ಗೆರೆ ಎಳೆದವರು ನಕ್ಷೆಯ ಮೇಲೆ ಎಳೆದರು. ಆದರೆ ಹೊಲ, ನೆಂಟಸ್ತಿಕೆ, ಸಂತೆ, ಜಾತ್ರೆಗಳು ಗೆರೆಯನ್ನು ಕೇಳಿ ಬದುಕುವುದಿಲ್ಲ. ಉಮರ್ಗಾದವರಿಗೆ ಬಸವಕಲ್ಯಾಣ ಪಕ್ಕದ ಊರು. ನಿಲಂಗಾ ತಾಲೂಕಿನ ಔರಾದ ಶಹಾಜಾನಿಯವರಿಗೆ ಭಾಲ್ಕಿ ಹತ್ತಿರ. ಬೀದರದಿಂದ ಉದಗೀರಕ್ಕೆ ರೈಲು ಹತ್ತಿದವನು ಭಾಲ್ಕಿ, ಕಮಲನಗರ ದಾಟಿ ಯಾವಾಗ ಮಹಾರಾಷ್ಟ್ರಕ್ಕೆ ಬಂದೆನೆಂದು ತಿಳಿಯದೆಯೇ ಬಂದಿರುತ್ತಾನೆ. ಮನೆಯಲ್ಲಿ ಕನ್ನಡವಾಡಿ ಕಚೇರಿಯಲ್ಲಿ ಮರಾಠಿಯಲ್ಲಿ ಅರ್ಜಿ ಕೊಡುವ ಅಲ್ಲಿನ ಸಂಸಾರಗಳ ಪಾಡು ತಲಪಾಡಿಯ ಈಚೆ ಇರುವ ನಮಗೆ ವಿವರಿಸಿ ಹೇಳಬೇಕಾದುದಲ್ಲ.

ರೇಶನ್ ಕಾರ್ಡು, ಪಹಣಿ, ಶಾಲೆಯ ಸರ್ಟಿಫಿಕೇಟುಗಳ ತೊಡಕಿನ ಬಗ್ಗೆ ನಾವು ಬಹಳ ಬರೆದಾಗಿದೆ. ಇಂದು ಬರೆಯುವ ವಿಷಯ ಬೇರೆ. ಗಡಿಯಲ್ಲಿ ಒಂದು ಕಾಗದ ತಪ್ಪಿದರೆ ಮನುಷ್ಯನನ್ನು ನೇರವಾಗಿ ಸೆರೆಮನೆಗೆ ಕಳುಹಿಸಬಲ್ಲ ವಿಷಯ ಅದು: ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಕಾನೂನು. ದೊಡ್ಡ ಪಿಸ್ತೂಲು ಯಾವುದು, ಚಿಕ್ಕದು ಯಾವುದು? ಅಂಗಿಯೊಳಗೆ ಮರೆಮಾಡಿ ಒಯ್ಯುವುದು ತಪ್ಪೋ, ತೋರಿಸಿಕೊಂಡು ಒಯ್ಯುವುದು ತಪ್ಪೋ? ಜಿಲ್ಲೆಯ ಗಡಿ, ರಾಜ್ಯದ ಗಡಿ ದಾಟಿದರೆ ಏನು? ಊರ ಕಟ್ಟೆಯ ಮೇಲೆ ಇದಕ್ಕೆ ಸಿಗುವ ಉತ್ತರಗಳಲ್ಲಿ ಅರ್ಧ ಸಿನಿಮಾದಿಂದ ಬಂದವು, ಅರ್ಧ ಅಮೆರಿಕದಿಂದ ಬಂದವು. ಶಾಸನದಲ್ಲಿ ಇರುವುದು ಏನೆಂದು ನೋಡೋಣ.

ಹಕ್ಕೋ, ಅನುಮತಿಯೋ?

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿ ಆಯುಧ ಧರಿಸುವುದನ್ನು ಪ್ರಜೆಯ ಹಕ್ಕೆಂದು ಹೇಳುತ್ತದೆ. ಮನೆಯ ಹೊರಗೆ ಪಿಸ್ತೂಲನ್ನು ಮರೆಮಾಡಿ ಒಯ್ಯಬೇಕಾದರೆ ವಿಶೇಷ ಕಾರಣ ತೋರಿಸಬೇಕು ಎಂದಿದ್ದ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನಿನಲ್ಲಿ ತಳ್ಳಿಹಾಕಿತು. ಅಲ್ಲಿ ಹಕ್ಕು ಮೊದಲು, ಸರಕಾರದ ತಡೆ ಆಮೇಲೆ.

ನಮ್ಮಲ್ಲಿ ಅದು ತಲೆಕೆಳಗು. ಹೀಗೆ ಆದುದು ಚರ್ಚೆಯಿಲ್ಲದೆ ಅಲ್ಲ. ಆಯುಧ ಕಸಿದುಕೊಳ್ಳುವ ಕಾನೂನಿನ ಕಹಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿದೆ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲಾರೆವೆಂದು ಎದ್ದು ನಿಂತರು, ಸತ್ತರು, ಗಲ್ಲಿಗೇರಿದರು. 1878ರ ಆಯುಧ ಕಾಯಿದೆ ಇಡೀ ದೇಶದ ಪ್ರಜೆಯ ಕೈ ಕಟ್ಟಿ ಬಿಳಿಯರಿಗೆ ಮಾತ್ರ ರಿಯಾಯಿತಿ ಕೊಟ್ಟಿತು. ಅದಕ್ಕೆ ಉತ್ತರವಾಗಿಯೇ ಕಾಂಗ್ರೆಸ್ಸಿನ 1931ರ ಕರಾಚಿ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕಿನ ಮಾತು ಸೇರಿತು.

ಸ್ವಾತಂತ್ರ್ಯ ಬಂದ ಮೇಲೆ, 1948ರ ದಶಂಬರದಲ್ಲಿ, ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಹರಿ ವಿಷ್ಣು ಕಾಮತರು. ಅವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಸಂವಿಧಾನದ 19ನೆಯ ವಿಧಿ ಪ್ರಜೆಗಳಿಗೆ ಸಭೆ ಸೇರುವ ಹಕ್ಕು ಕೊಟ್ಟಿತು; ಶಾಂತವಾಗಿ, ಆಯುಧವಿಲ್ಲದೆ ಸೇರಬೇಕೆಂದು ಅಲ್ಲಿಯೇ ಶರತ್ತು ಹಾಕಿತು. 2023ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಲೈಸನ್ಸಿಲ್ಲದ ಆಯುಧಗಳ ಪ್ರಶ್ನೆಯನ್ನು ತಾನಾಗಿ ಕೈಗೆತ್ತಿಕೊಂಡಾಗ ಇದನ್ನೇ ನೆನಪಿಸಿತು: ಅಮೆರಿಕದಲ್ಲಿರುವಂಥ ಆಯುಧದ ಹಕ್ಕನ್ನು ನಮ್ಮ ಸಂವಿಧಾನದ ಹಿರಿಯರು ಯಾರಿಗೂ ಕೊಟ್ಟಿಲ್ಲ.

ಹಾಗಾಗಿ ಇಲ್ಲಿ ಕೋವಿ ಎಂಬುದು ಅನುಮತಿಯ ವಸ್ತು. ಆ ಅನುಮತಿಯ ಮೂಲ 1959ರ ಆಯುಧ ಕಾಯಿದೆ. ಅದು ಜಾರಿಗೆ ಬಂದುದು 1962ರ ಅಕ್ಟೋಬರ 1ರಂದು. 2016ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದರು. 2019ರಲ್ಲಿ ಕಾಯಿದೆಗೇ ದೊಡ್ಡ ತಿದ್ದುಪಡಿ ಬಂತು. ಈ ಮೂರನ್ನು ಸೇರಿಸಿ ಓದಿದರೆ ಮಾತ್ರ ಇಂದಿನ ಕಾನೂನು ಅರ್ಥವಾಗುತ್ತದೆ. ಹಳೆಯ ಕಾಲದ ಲೈಸನ್ಸು ಹಿಡಿದವರು ಹಳೆಯ ನಿಯಮವನ್ನೇ ನೆಚ್ಚಿಕೊಂಡರೆ ಎಡವುತ್ತಾರೆ.

ದೊಡ್ಡ ಪಿಸ್ತೂಲು ಯಾವುದು?

ಸಾಮಾನ್ಯರ ಕಣ್ಣಿಗೆ ಉದ್ದವಾದುದು, ಭಾರವಾದುದು ದೊಡ್ಡ ಪಿಸ್ತೂಲು. ಶಾಸನ ಅದನ್ನು ಅಳೆಯುವುದು ಬೇರೆ ಕೋಲಿನಿಂದ. ಅದು ನೋಡುವುದು ಯಾವ ತೋಟೆ ಹಿಡಿಸುತ್ತದೆ, ಹೇಗೆ ಸಿಡಿಯುತ್ತದೆ ಎಂಬುದನ್ನು.

ಕುದುರೆ ಒತ್ತಿ ಹಿಡಿದಷ್ಟು ಹೊತ್ತು, ತೋಟೆ ಮುಗಿಯುವ ತನಕ, ಗುಂಡು ಸುರಿಯುತ್ತಲೇ ಇರುವ ಆಯುಧ ನಿಷಿದ್ಧ ಆಯುಧ. ಸಾಮಾನ್ಯ ಮನುಷ್ಯ ಅದರ ಆಸೆಯನ್ನೇ ಬಿಡಬೇಕು. 2019ರ ತಿದ್ದುಪಡಿಯ ಬಳಿಕ ಅಂಥದನ್ನು ಇಟ್ಟುಕೊಂಡವನಿಗೆ 7 ವರ್ಷಕ್ಕೆ ಕಡಮೆಯಿಲ್ಲದ, 14 ವರ್ಷದ ತನಕ ಹೋಗಬಲ್ಲ ಸೆರೆಯಿದೆ.

ಎರಡನೆಯದು ಪೋಲೀಸರು ಮತ್ತು ಸೈನ್ಯದವರು ಬಳಸುವ ತೋಟೆ ಹಿಡಿಸುವ ಪಿಸ್ತೂಲು, ರಿವಾಲ್ವರುಗಳು: 9 ಮಿಲಿಮೀಟರ್, .380, .455, .45 ಬೋರಿನವು. ಜನ ಇದನ್ನು 'ಪ್ರೊಹಿಬಿಟೆಡ್ ಬೋರ್' ಎನ್ನುತ್ತಾರೆ. ಇದಕ್ಕೆ ಲಾತೂರದ ಜಿಲ್ಲಾಧಿಕಾರಿಯೂ ಲೈಸನ್ಸು ಕೊಡಲಾರರು, ಧಾರಾಶಿವದವರೂ ಕೊಡಲಾರರು. ಅದು ದಿಲ್ಲಿಯ ಗೃಹ ಮಂತ್ರಾಲಯದ ಕೈಯಲ್ಲಿದೆ. ಜೀವಕ್ಕೆ ಗಂಭೀರ ಬೆದರಿಕೆಯಿರುವವರು ಮೊದಲಾದ ಕೆಲವರಿಗೆ ಮಾತ್ರ ಸಿಗುವಂಥದು. ಸಿನಿಮಾದ ನಾಯಕ ಸೊಂಟದಿಂದ ಎಳೆಯುವ ದೊಡ್ಡ ಪಿಸ್ತೂಲು ಬಹುಮಟ್ಟಿಗೆ ಈ ಜಾತಿಯದು.

ಮೂರನೆಯದು ಜಿಲ್ಲಾಧಿಕಾರಿಯ ಅಧಿಕಾರಕ್ಕೆ ಬರುವಂಥದು. ಪಿಸ್ತೂಲು, ರಿವಾಲ್ವರಿನಲ್ಲಿ ಸಾಮಾನ್ಯವಾಗಿ .32 ಬೋರಿನವು ಈ ಸಾಲಿನವು. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರ ಕೈಚೀಲಕ್ಕೆ ಒಪ್ಪುವಂತೆ ಹಗುರಾಗಿ ಮಾಡಿ 'ನಿರ್ಭೀಕ್' ಎಂದು ಹೆಸರಿಟ್ಟು ಮಾರಾಟಕ್ಕೆ ತಂದ ರಿವಾಲ್ವರು ಇದೇ .32 ಬೋರಿನದು.

ಇಲ್ಲಿ ಒಂದು ಸೋಜಿಗವನ್ನು ಓದುಗರು ಗಮನಿಸಬೇಕು. ನಮ್ಮ ಶಾಸನದಲ್ಲಿ ನಳಿಗೆ ಉದ್ದವಾದಷ್ಟೂ ಕಾನೂನು ಸಡಿಲ, ಗಿಡ್ಡವಾದಷ್ಟೂ ಬಿಗಿ. ಆತ್ಮರಕ್ಷಣೆಗೆ ಅಥವಾ ಬೇಟೆ, ಕ್ರೀಡೆಗೆ 20 ಇಂಚಿಗೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿ ಕೇಳಿದವನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಲೈಸನ್ಸು ಕೊಡಬೇಕೆಂದು 13ನೆಯ ಕಲಂ ಹೇಳುತ್ತದೆ. ಪಿಸ್ತೂಲು ಕೇಳಿದವನು ಮಾತ್ರ ತನಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಇದರ ಹಿಂದಿನ ವಿವೇಕ ಸರಳವಾದುದು. ಉದ್ದ ಕೋವಿ ಹೆಗಲಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಗಿಡ್ಡದು ಅಂಗಿಯೊಳಗೆ ಅಡಗುತ್ತದೆ. ಅಡಗಬಲ್ಲ ಆಯುಧದ ಬಗ್ಗೆ ಶಾಸನಕ್ಕೆ ಹೆಚ್ಚಿನ ಅನುಮಾನ. ಉದ್ದ ಕೋವಿಯ ನಳಿಗೆ ಕತ್ತರಿಸಿ ಗಿಡ್ಡ ಮಾಡುವವನಿಗೆ 6ನೆಯ ಕಲಮಿನ ಕೆಳಗೆ ಭಾರೀ ಶಿಕ್ಷೆ ಇಟ್ಟಿರುವುದೂ ಇದಕ್ಕೇ. ಕಮ್ಮಾರನ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಆಗುವ ಈ ಕೆಲಸಕ್ಕೆ ಈಗ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

ಎರಡು ಬಗೆಯ ಮರೆ

ಇನ್ನು ಮರೆಮಾಡಿ ಒಯ್ಯುವ ಮಾತು. ಪಿಸ್ತೂಲನ್ನು ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡರೆ ಪ್ರಾಮಾಣಿಕ, ಒಳಗೆ ಮುಚ್ಚಿಟ್ಟರೆ ಕಳ್ಳ ಎಂದು ಹಲವರ ಭಾವನೆ. 2016ರ ನಿಯಮ ಹೇಳುವುದು ಇದಕ್ಕೆ ವಿರುದ್ಧ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯುವವನು ಅದನ್ನು ಮೈಗೆ ಕಟ್ಟಿದ ಒರೆಯಲ್ಲಿ, ಇಲ್ಲವೆ ತಕ್ಕ ಚೀಲದಲ್ಲಿ ಇಟ್ಟಿರಬೇಕು. ಅದು ಪೂರ್ತಿಯಾಗಿ ಮುಚ್ಚಿರಬೇಕು. ಒಯ್ಯುವವನ ಹತೋಟಿಯಲ್ಲೇ ಇರಬೇಕು. ನಾಲ್ಕು ಜನರ ಮುಂದೆ ಅದನ್ನು ಝಳಪಿಸುವುದು ನಿಷಿದ್ಧ. ಸಂತೆಯಲ್ಲಿ ಸೊಂಟದ ಪಿಸ್ತೂಲು ಕಾಣುವ ಹಾಗೆ ಅಂಗಿ ಎತ್ತಿಕೊಂಡು ನಡೆಯುವ ಶ್ರೀಮಂತ, ಲೈಸನ್ಸು ಇದ್ದರೂ, ನಿಯಮ ಮುರಿದವನೇ. ಮದುವೆಯ ದಿಬ್ಬಣದಲ್ಲಿ, ಜಾತ್ರೆಯಲ್ಲಿ ಸಂತೋಷಕ್ಕೆಂದು ಗಾಳಿಗೆ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವವನಿಗೆ 2019ರಿಂದ ಬೇರೆಯೇ ಕಲಮು ಇದೆ: 2 ವರ್ಷದ ತನಕ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯ ತನಕ ದಂಡ, ಇಲ್ಲವೆ ಎರಡೂ.

ಹಾಗಾದರೆ ಕಾಯಿದೆಯಲ್ಲಿ ಮುಚ್ಚುಮರೆ ಅಪರಾಧವೇ ಅಲ್ಲವೇ? ಅಪರಾಧವೇ, ಆದರೆ ಅದು ಬೇರೆ ಮರೆ. 26ನೆಯ ಕಲಂ ಹೇಳುವುದು ಸರಕಾರಿ ನೌಕರನಿಗಾಗಲಿ, ರೈಲು, ವಾಹನ, ಹಡಗುಗಳಲ್ಲಿ ಕೆಲಸ ಮಾಡುವವರಿಗಾಗಲಿ ಗೊತ್ತಾಗಬಾರದು ಎಂಬ ಉದ್ದೇಶದಿಂದ ಕಾಯಿದೆ ಮೀರಿ ಆಯುಧ ಇಟ್ಟುಕೊಳ್ಳುವ, ಒಯ್ಯುವ ವಿಚಾರ. ಅದಕ್ಕೆ 6 ತಿಂಗಳಿಗೆ ಕಡಮೆಯಿಲ್ಲದೆ 7 ವರ್ಷದ ತನಕ ಸೆರೆ. ಶೋಧನೆಗೆ ಬಂದಾಗ ಬಚ್ಚಿಡಲು ಹೋದರೆ 10 ವರ್ಷದ ತನಕವೂ ಆಗಬಹುದು.

ಈ ಎರಡು ಮರೆಗಳ ವ್ಯತ್ಯಾಸವೇ ನಮ್ಮ ಆಯುಧ ಕಾಯಿದೆಯ ತಿರುಳು. ಬೀದಿಯ ಜನರ ಕಣ್ಣಿಗೆ ಆಯುಧ ಕಾಣಬಾರದು, ಏಕೆಂದರೆ ಕಂಡ ಆಯುಧ ಹೆದರಿಸುತ್ತದೆ. ಸರಕಾರದ ಕಣ್ಣಿಗೆ ಅದು ಸದಾ ಕಾಣುತ್ತಿರಬೇಕು, ಏಕೆಂದರೆ ಕಾಣದ ಆಯುಧ ಕೊಲ್ಲುತ್ತದೆ. ಕೋವಿ ಮುಚ್ಚಿರಲಿ, ಕಾಗದ ತೆರೆದಿರಲಿ: ಇಷ್ಟನ್ನು ನೆನಪಿಟ್ಟರೆ ಮುಕ್ಕಾಲು ಕಾನೂನು ತಿಳಿದಂತೆ.

ಆ ಕಾಗದ ಜೊತೆಯಲ್ಲೇ ಇರಬೇಕು. ಆಯುಧ ಹಿಡಿದವನನ್ನು ಪೋಲೀಸ್ ಅಧಿಕಾರಿ ಲೈಸನ್ಸು ತೋರಿಸೆಂದು ಕೇಳಬಹುದೆಂದು 19ನೆಯ ಕಲಂ ಹೇಳುತ್ತದೆ. ಮನೆಯ ಪೆಟ್ಟಿಗೆಯಲ್ಲಿದೆ ಎಂಬ ಮಾತು ದಾರಿಯಲ್ಲಿ ನಡೆಯುವುದಿಲ್ಲ. ಲೈಸನ್ಸಿಗೆ ಗುರುತಿನ ಸಂಖ್ಯೆಯೊಂದನ್ನು ಕೊಟ್ಟು ದೇಶದ ಎಲ್ಲ ಲೈಸನ್ಸುಗಳನ್ನು ಒಂದೇ ಕಂಪ್ಯೂಟರ್ ದಾಖಲೆಗೆ ಸೇರಿಸಲಾಗಿದೆ. ಆ ಸಂಖ್ಯೆಯಿಲ್ಲದ ಹಳೆಯ ಪುಸ್ತಕಕ್ಕೆ ಬೆಲೆಯಿಲ್ಲ.

ಗಡಿ ಕಲ್ಲಿನ ಆಚೆ

ಉಮರ್ಗಾದ ಒಬ್ಬ ರೈತನನ್ನು ಭಾವಿಸಿಕೊಳ್ಳೋಣ. ಅವನಲ್ಲಿ ಲೈಸನ್ಸು ಇದೆ, .32 ರಿವಾಲ್ವರು ಇದೆ, ಒರೆಯಿದೆ, ಕಾಗದ ಕಿಸೆಯಲ್ಲಿದೆ. ತೊಗರಿ ಮಾರಿದ ಹಣ ಹಿಡಿದು ಸೊಲ್ಲಾಪುರ - ಹೈದರಾಬಾದು ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಡುತ್ತಾನೆ. ಬಸವಕಲ್ಯಾಣದಲ್ಲಿ ಮಗಳ ಮನೆ. ತುಸು ಹೊತ್ತಿನಲ್ಲೇ ಕರ್ನಾಟಕ. ಅವನ ಮಟ್ಟಿಗೆ ದಾರಿ ಒಂದೇ, ಮಾತು ಒಂದೇ. ಆದರೆ ಅವನ ಲೈಸನ್ಸಿನಲ್ಲಿ ಒಂದು ಅಂಕಣವಿದೆ: ಇದು ಯಾವ ಪ್ರದೇಶದಲ್ಲಿ ಊರ್ಜಿತ ಎಂದು. ಅಲ್ಲಿ ಮಹಾರಾಷ್ಟ್ರ ಎಂದು ಮಾತ್ರ ಬರೆದಿದ್ದರೆ, ಗಡಿ ಕಲ್ಲು ದಾಟಿದ ಕ್ಷಣದಿಂದ ಆ ಕಾಗದ ಅವನನ್ನು ಕಾಯುವುದಿಲ್ಲ.

ಲೈಸನ್ಸಿನ ಶರತ್ತು ಮೀರಿದವನಿಗೆ 30ನೆಯ ಕಲಮಿನಂತೆ 6 ತಿಂಗಳ ತನಕ ಸೆರೆ, 2,000 ರೂಪಾಯಿಯ ತನಕ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು 17ನೆಯ ಕಲಮಿನದು, ಲೈಸನ್ಸೇ ರದ್ದಾಗಬಹುದು. ಇನ್ನು ಲೈಸನ್ಸೇ ಇಲ್ಲದೆ ಕೋವಿ ಹಿಡಿದವನಿಗೆ 25ನೆಯ ಕಲಮಿನಂತೆ 2 ವರ್ಷಕ್ಕೆ ಕಡಮೆಯಿಲ್ಲದೆ 5 ವರ್ಷದ ತನಕ ಸೆರೆ ಮತ್ತು ದಂಡ. ಅವಧಿ ಮುಗಿದ ಲೈಸನ್ಸು ಹಿಡಿದು ದಾರಿಗೆ ಬಿದ್ದವನು ತಾನು ಯಾವ ಸಾಲಿನಲ್ಲಿ ನಿಂತಿದ್ದೇನೆಂದು ಯೋಚಿಸಿಕೊಳ್ಳಬೇಕು. ಮೊದಲು 3 ವರ್ಷವಿದ್ದ ಲೈಸನ್ಸಿನ ಅವಧಿ 2019ರಿಂದ 5 ವರ್ಷಕ್ಕೆ ಬೆಳೆದಿದೆ. ಅವಧಿ ಉದ್ದವಾದಷ್ಟೂ ಮರೆಯುವುದು ಸುಲಭ.

ದಾರಿ ಇಲ್ಲವೆಂದಲ್ಲ. ಲೈಸನ್ಸಿನ ಪ್ರದೇಶವನ್ನು ವಿಸ್ತರಿಸಿಕೊಡಿ ಎಂದು ಕಾರಣ ಕಾಣಿಸಿ ಕೇಳಬಹುದು. ಆಚೆ ಜಮೀನಿದೆ, ವ್ಯಾಪಾರವಿದೆ ಎಂಬುದಕ್ಕೆ ಪಹಣಿ, ಮಂಡಿಯ ರಶೀದಿಗಳನ್ನು ಅರ್ಜಿಗೆ ಲಗತ್ತಿಸಬೇಕು. ಅದು ಕೈಗೆ ಬರುವ ತನಕ ಕೋವಿಯನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೋಗುವುದೇ ಸರಿಯಾದ ದಾರಿ. ತಮ್ಮನ ಕೈಯಲ್ಲೋ ಆಳಿನ ಕೈಯಲ್ಲೋ ಕೊಟ್ಟು ಹೋಗುವುದೂ ಸಲ್ಲ. ದುರಸ್ತಿಗೆ ಅಥವಾ ಲೈಸನ್ಸಿನ ನವೀಕರಣಕ್ಕೆ ಒಯ್ಯುವುದಕ್ಕೆ, ಇಲ್ಲವೆ ಒಡೆಯನ ಉಪಯೋಗಕ್ಕಾಗಿಯೇ, ಒಡೆಯನ ಸಮ್ಮುಖದಲ್ಲೋ ಅವನ ಲಿಖಿತ ಅಧಿಕಾರದಿಂದಲೋ ಹಿಡಿಯುವವನಿಗೆ ಮಾತ್ರ 3ನೆಯ ಕಲಂ ರಿಯಾಯಿತಿ ಕೊಡುತ್ತದೆ.

ಊರಿನೊಳಗೂ ಕೆಲವು ದಿನ ಕೋವಿಗೆ ರಜೆ. 1951ರ ಮುಂಬಯಿ ಪೋಲೀಸ್ ಕಾಯಿದೆ, ಈಗಿನ ಹೆಸರಿನಲ್ಲಿ ಮಹಾರಾಷ್ಟ್ರ ಪೋಲೀಸ್ ಕಾಯಿದೆ, ಅದರ 37ನೆಯ ಕಲಮಿನಂತೆ ಜಿಲ್ಲಾಧಿಕಾರಿಯು ಶಾಂತಿಪಾಲನೆಗಾಗಿ ಸಾರ್ವಜನಿಕ ಸ್ಥಳದಲ್ಲಿ ಆಯುಧ ಒಯ್ಯುವುದನ್ನು ತಡೆಯಬಹುದು. ಬಂದೂಕು, ಕತ್ತಿ ಮಾತ್ರವಲ್ಲ, ದೊಣ್ಣೆಯೂ ಅದರಲ್ಲಿ ಸೇರುತ್ತದೆ. ಚುನಾವಣೆ ಘೋಷಣೆಯಾದರೆ ಜಿಲ್ಲೆಯ ಸಮಿತಿ ಪರಿಶೀಲಿಸಿ ಯಾರ ಆಯುಧ ಠಾಣೆಯಲ್ಲಿ ಇರಿಸಬೇಕೆಂದು ತೀರ್ಮಾನಿಸುತ್ತದೆ. ಮತದಾನದ ದಿನ ಮತಗಟ್ಟೆಯ ಬಳಿಗೆ ಆಯುಧ ಹಿಡಿದು ಹೋಗುವುದು ಪ್ರಜಾಪ್ರಾತಿನಿಧ್ಯ ಶಾಸನದ 134-ಬಿ ಕಲಮಿನಂತೆ ಅಪರಾಧ, ಲೈಸನ್ಸು ಇರಲಿ ಬಿಡಲಿ.

ಅಟ್ಟದ ಮೇಲಿನ ಕೋವಿ

ಈ ಮೂರು ತಾಲೂಕುಗಳು ನಿಜಾಮನ ಆಳಿಕೆಯಲ್ಲಿದ್ದವು. ದೇಶಮುಖ, ಪಾಟೀಲರ ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ ಕೋವಿಯೊಂದು ಅಟ್ಟದಲ್ಲಿ ಸಿಕ್ಕಿದರೆ ಅಚ್ಚರಿಯಿಲ್ಲ. ಅದು ನಮ್ಮದಲ್ಲ, ಅಜ್ಜನದು ಎಂಬ ಮಾತಿಗೆ ಕಾನೂನಿನಲ್ಲಿ ಹೆಚ್ಚಿನ ತೂಕವಿಲ್ಲ. ಮನೆಯಲ್ಲಿ ಇರುವುದು ಗೊತ್ತಿದ್ದು, ಅದರ ಮೇಲೆ ಹತೋಟಿಯಿದ್ದರೆ, ಕೈಯಲ್ಲಿ ಹಿಡಿಯದಿದ್ದರೂ ಅದು ವಶದಲ್ಲಿದ್ದಂತೆಯೇ ಎಂದು ಸುಪ್ರೀಂ ಕೋರ್ಟು 1972ರಲ್ಲಿ ಗುನ್ವಂತಲಾಲ್ ಮೊಕದ್ದಮೆಯಲ್ಲಿ ಹೇಳಿದೆ.

ಅಂಥವರಿಗೆ ಮೂರು ದಾರಿ ಇದೆ. ದುರಸ್ತಿ ಮಾಡಿದರೂ ಸಿಡಿಯಲಾರದ, ಹಳೆಯ ಮಾದರಿಯ ಅಥವಾ ಪುರಾತನ ಬೆಲೆಯುಳ್ಳ ಆಯುಧವಾದರೆ 45ನೆಯ ಕಲಂ ಅದನ್ನು ಕಾಯಿದೆಯಿಂದ ಹೊರಗಿಡುತ್ತದೆ. ಆದರೆ ಸಿಡಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದವರು ಮನೆಯವರಲ್ಲ, ತಿಳಿದವರು. ಸಿಡಿಯುವಂಥದಾದರೆ ವಾರಸುದಾರನು ಲೈಸನ್ಸು ಕೇಳಬಹುದು. ಲೈಸನ್ಸುದಾರ ತೀರಿಕೊಂಡಾಗ ಮಾತ್ರವಲ್ಲ, ಅವನಿಗೆ 70 ತುಂಬಿದಾಗ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದಾಗಲೂ ವಾರಸುದಾರನ ಹೆಸರಿಗೆ ಮಾಡಿಸಿಕೊಳ್ಳಲು 2016ರ ನಿಯಮದಲ್ಲಿ ಅವಕಾಶವಿದೆ. ಎರಡೂ ಬೇಡವೆನಿಸಿದರೆ 21ನೆಯ ಕಲಮಿನಂತೆ ಹತ್ತಿರದ ಠಾಣೆಯಲ್ಲಿ ಒಪ್ಪಿಸಿ ರಶೀದಿ ಪಡೆಯಬೇಕು. ಬಾವಿಗೆ ಎಸೆಯುವುದು, ಹಿತ್ತಲಲ್ಲಿ ಹೂಳುವುದು ದಾರಿಯಲ್ಲ. ಒಬ್ಬನಿಗೆ ಮೊದಲು ಮೂರು ಕೋವಿ ಇರಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿದೆ. ಮೂರನೆಯದನ್ನು ಒಪ್ಪಿಸಲು ಕೊಟ್ಟಿದ್ದ ಒಂದು ವರ್ಷದ ಗಡುವು 2020ರ ದಶಂಬರದಲ್ಲೇ ಮುಗಿದಿದೆ.

ಹೊಸದಾಗಿ ಕೇಳುವವನಿಗೆ 21 ವರ್ಷ ತುಂಬಿರಬೇಕು. ಆಯುಧ ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದಿರಬೇಕು, ಮನೆಯಲ್ಲಿ ಭದ್ರವಾಗಿ ಇಡುವ ಏರ್ಪಾಡು ಇರಬೇಕು. ಠಾಣೆಯ ವರದಿ ಬರಬೇಕು. ವರದಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಅದಕ್ಕೆ ಕಾಯದೆಯೂ ತೀರ್ಮಾನಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಬಡವನ ಅರ್ಜಿ ತಳ್ಳುವಂತಿಲ್ಲ ಎಂದು 14ನೆಯ ಕಲಂ ಹೇಳುತ್ತದೆ. ತಳ್ಳಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅದರ ಮೇಲೆ ಮೇಲ್ಮನವಿಯೂ ಉಂಟು.

ಕೊಡಗಿನವರಿಗೆ ಇದೆಲ್ಲ ಯಾಕಿಲ್ಲ ಎಂದು ಕೇಳುವವರಿದ್ದಾರೆ. 41ನೆಯ ಕಲಂ ಕೇಂದ್ರ ಸರಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಟ್ಟಿದೆ. ಅದರಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1963ರಲ್ಲಿ ಕೊಟ್ಟ ವಿನಾಯಿತಿಯನ್ನು 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಲಾಯಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಕೋವಿಯನ್ನೇ ಪೂಜಿಸುವ ಒಂದು ನಾಡಿಗೆ ಕೊಟ್ಟ ಮರ್ಯಾದೆ. ಬೇರೆ ಯಾವ ಗಡಿಗೂ ಅದು ಅನ್ವಯಿಸದು.

ಈ ಮಣ್ಣಿನ ನೆನಪು

ಇಷ್ಟು ಬಿಗಿ ಏಕೆ ಎಂದು ಕೇಳುವವರಿಗೆ ಉಮರ್ಗಾ, ನಿಲಂಗಾ, ಉದಗೀರದ ಮಣ್ಣೇ ಉತ್ತರ ಹೇಳುತ್ತದೆ. 1948ರಲ್ಲಿ ಇಲ್ಲಿ ಖಾಸಗಿ ಕೈಗಳಲ್ಲಿ ಆಯುಧ ಬಂದಾಗ ಏನಾಯಿತೆಂದು ಹಿರಿಯರು ಬಲ್ಲರು. ನಿಲಂಗಾದಿಂದ ದೂರವಲ್ಲದ, ಬಸವಕಲ್ಯಾಣದ ಕಡೆಯ ಗೋರಟಾ ಗ್ರಾಮದಲ್ಲಿ ಮೇ ತಿಂಗಳಲ್ಲಿ ರಜಾಕಾರರು ಹಳ್ಳಿಗರನ್ನು ಕೊಂದರು. ಸಪ್ಟಂಬರದ ಪೋಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಹೊಳೆ ತಿರುಗಿ ಹರಿದು ಮುಸಲ್ಮಾನರ ಮನೆಗಳನ್ನು ನುಂಗಿತು. ನೆಹರೂ ಅವರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ್ದು ನಾಲ್ಕನ್ನು: ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಈ ಮೂರು ತಾಲೂಕುಗಳು ಆಗ ಅವುಗಳಲ್ಲಿ ಎರಡರ ಒಳಗಿದ್ದವು. ಸತ್ತವರಲ್ಲಿ ಎರಡೂ ಕಡೆಯವರಿದ್ದರು. ಕೊಂದ ಕೈಗಳ ಆಯುಧಕ್ಕೆ ಲೆಕ್ಕವಿರಲಿಲ್ಲ, ಕಾಗದವಿರಲಿಲ್ಲ.

ಅದು ಹಳೆಯ ಕತೆಯೆಂದು ಬಿಡುವಂತೆಯೂ ಇಲ್ಲ. ಇದೇ ಎರಡು ರಾಜ್ಯಗಳಲ್ಲಿ 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನಸರೆ, ಅದೇ ವರ್ಷ ಅಗೋಸ್ತು 30ರಂದು ಧಾರವಾಡದಲ್ಲಿ ನಮ್ಮ ಎಂ. ಎಂ. ಕಲಬುರ್ಗಿ, 2017ರ ಸಪ್ಟಂಬರ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದುದು ಒಂದೇ 7.65 ಮಿಲಿಮೀಟರ್ ನಾಡ ಪಿಸ್ತೂಲು ಎಂದು ಕರ್ನಾಟಕದ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. 7.65 ಎಂದರೆ ಲೈಸನ್ಸಿನ ಭಾಷೆಯಲ್ಲಿ .32, ಚಿಕ್ಕ ಪಿಸ್ತೂಲು. ಮರಾಠಿ ಪತ್ರಿಕೆಗಳು ಕಳ್ಳ ಪಿಸ್ತೂಲನ್ನು 'ಗಾವಠೀ ಕಟ್ಟಾ' ಎಂದು ಕರೆಯುತ್ತವೆ. ಅದು ಅಂಗಿಯೊಳಗೆ ಬರುತ್ತದೆ, ಮೋಟಾರು ಸೈಕಲ್ಲಿನಲ್ಲಿ ಹೋಗುತ್ತದೆ. ಗಡಿ ದಾಟಲು ಯಾರ ಸಹಿಯನ್ನೂ ಕೇಳುವುದಿಲ್ಲ. ವಚನಗಳಿಗಾಗಿ ಬಾಳು ಸವೆಸಿದ ವಿದ್ವಾಂಸನನ್ನು ಮನೆಬಾಗಿಲಲ್ಲೇ ಮುಗಿಸಲು ದೊಡ್ಡ ಪಿಸ್ತೂಲು ಬೇಕಾಗಲಿಲ್ಲ.

ಹಾಗಾದರೆ ಕಳ್ಳ ಆಯುಧ ಗಡಿ ದಾಟುತ್ತಿರುವಾಗ ಪ್ರಾಮಾಣಿಕ ಲೈಸನ್ಸುದಾರನಿಗೇ ಏಕೆ ಗೋಡೆ ಎಂಬ ಮಾತು ಬರುತ್ತದೆ. ನ್ಯಾಯವಾದ ಮಾತೇ. ಆದರೆ ಕಾಗದ ಬಿಗಿಯಾಗಿದ್ದರೆ ಮಾತ್ರ ಕಾಗದವಿಲ್ಲದವನು ಎದ್ದು ಕಾಣುತ್ತಾನೆ. ಲೈಸನ್ಸುದಾರನೇ ಗಡಿಯಲ್ಲಿ ಉಡಾಫೆ ಮಾಡಿದರೆ ಇಬ್ಬರ ನಡುವಿನ ಅಂತರ ಅಳಿದುಹೋಗುತ್ತದೆ. ಲಾಭ ಯಾರಿಗೆಂದು ಹೇಳಬೇಕಾಗಿಲ್ಲ.

ತಿಳಿಯುವ ಭಾಷೆಯಲ್ಲಿ ಹೇಳಿ

ಸರಕಾರದ ಪಾಲಿನ ಕೆಲಸವೊಂದು ಬಾಕಿಯಿದೆ. ಕಾಯಿದೆ ಇಂಗ್ಲಿಷಿನಲ್ಲಿದೆ. ಧಾರಾಶಿವ, ಲಾತೂರಗಳಲ್ಲಿ ಜಿಲ್ಲಾಡಳಿತದ ಭಾಷೆ ಮರಾಠಿ. ಇಂಗ್ಲಿಷು, ಮರಾಠಿ ಎರಡನ್ನೂ ತಡವರಿಸಿ ಓದುವ ಗಡಿ ಹಳ್ಳಿಯ ಕನ್ನಡಿಗನಿಗೆ ಆ ಪ್ರದೇಶದ ಅಂಕಣದ ಅರ್ಥವನ್ನು ಹೇಳಿಕೊಟ್ಟವರು ಯಾರು? ಅವನು ಅದನ್ನು ತಿಳಿಯುವುದು ತನಿಖಾ ಠಾಣೆಯ ಬೆಂಚಿನ ಮೇಲೆ ಕುಳಿತಾಗ. ಕಾನೂನು ಗೊತ್ತಿರಲಿಲ್ಲ ಎಂಬುದು ನೆಪವಾಗದು, ಸರಿ. ಆದರೆ ತಿಳಿಯುವ ಭಾಷೆಯಲ್ಲಿ ಹೇಳದೆ ದಂಡಿಸುವುದೂ ಧರ್ಮವಾಗದು.

ಯಾವ ಪ್ರಜೆಯಾದರೂ ತನ್ನ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಉಮರ್ಗಾ, ನಿಲಂಗಾ, ಉದಗೀರದ ಕನ್ನಡಿಗರು ಆ ವಿಧಿಯನ್ನು ಹಿಡಿದು ಎರಡು ಮನವಿ ಸಲ್ಲಿಸಬೇಕು. ಲೈಸನ್ಸಿನ ಶರತ್ತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮುದ್ರಿಸಿ ಲೈಸನ್ಸಿನೊಂದಿಗೆ ಕೊಡಿ ಎಂಬುದು ಒಂದು. ಗಡಿಯ ಎರಡೂ ಬದಿಯಲ್ಲಿ ಹೊಲ, ವ್ಯಾಪಾರವಿರುವವರ ಪ್ರದೇಶ ವಿಸ್ತರಣೆಯ ಅರ್ಜಿಯನ್ನು ಬೇಗನೆ ತೀರ್ಮಾನಿಸಿ ಎಂಬುದು ಇನ್ನೊಂದು. ಇದಕ್ಕೆ ಹೊಸ ಶಾಸನ ಬೇಡ. ಒಂದು ಸುತ್ತೋಲೆ ಸಾಕು.

ನಮ್ಮವರಿಗೂ ಇದು ಸಲ್ಲುವ ಮಾತು. ಹಂದಿಯ ಕಾಟಕ್ಕೆ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಅಡಕೆ ಬೆಳೆಗಾರರು ಎಣ್ಮಕಜೆ, ಪೈವಳಿಕೆ, ದೇಲಂಪಾಡಿಗಳಲ್ಲಿ ಇದ್ದಾರೆ. ಅವರಲ್ಲಿ ಕೆಲವರ ತೋಟ ಈಚೆ, ನೆಂಟರ ಮನೆ ಪುತ್ತೂರು, ಸುಳ್ಯದ ಕಡೆ. ಕೇರಳದ ಲೈಸನ್ಸು ಹಿಡಿದು ತಲಪಾಡಿ, ಜಾಲ್ಸೂರು ದಾಟುವವರಿಗೂ ಉಮರ್ಗಾದಿಂದ ಬಸವಕಲ್ಯಾಣಕ್ಕೆ ಹೋಗುವವನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಮನೆಯಲ್ಲಿ ಕೋವಿ ಇರುವ ಓದುಗರು ಇಂದು ಸಂಜೆಯೇ ಲೈಸನ್ಸು ಪುಸ್ತಕವನ್ನು ತೆಗೆದು ನಾಲ್ಕು ವಿಷಯ ನೋಡಿಕೊಳ್ಳಲಿ: ಅವಧಿ ಯಾವಾಗ ಮುಗಿಯುತ್ತದೆ, ಯಾವ ಪ್ರದೇಶಕ್ಕೆ ಊರ್ಜಿತ, ಆಯುಧದ ಮೇಲಿನ ನಂಬ್ರಕ್ಕೂ ಪುಸ್ತಕದ ನಂಬ್ರಕ್ಕೂ ತಾಳೆಯಿದೆಯೇ, ಗುರುತಿನ ಸಂಖ್ಯೆ ನಮೂದಾಗಿದೆಯೇ. ಓದಿ ಅರ್ಥವಾಗದಿದ್ದರೆ ತಿಳಿದವರಿಂದ ಓದಿಸಿಕೊಳ್ಳಲಿ. ತಾಲೂಕು ಕಚೇರಿಯ ಮೆಟ್ಟಲನ್ನು ನಾವಾಗಿಯೇ ಹತ್ತುವುದು, ಪೋಲೀಸರು ಹತ್ತಿಸುವುದಕ್ಕಿಂತ ಮೇಲು.